ಅಮ್ಮನ ಒಗ್ಗರಣೆ ಮತ್ತು ತಮ್ಮನ ಫಿಟ್ಸ್ ಮಾತ್ರೆ

ನಾಲ್ಕು ದಿನದಿಂದ ಅಮ್ಮನ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ನಾನೇನು ಅಷ್ಟೊಂದು ಎಣ್ಣೆ ಸುರೀತೀನೇನೇ?"

ತಮ್ಮನ ಆಫೀಸಿನಲ್ಲಿ ಹೆಲ್ತ್ ಚೆಕಪ್ ಇತ್ತು. ಕೊಲೆಸ್ಟ್ರಾಲ್ 258, ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ 172, ಎರಡೂ ಜಾಸ್ತಿ. ಅವನಿಗಿನ್ನೂ 33, ನೋಡೋಕೆ ಕಡ್ಡಿ ಹಾಗಿದ್ದಾನೆ. ರಾತ್ರಿ ಮುದ್ದೆ, ಸೊಪ್ಪಿನ ಸಾರು ಬಿಟ್ಟರೆ ಬೇರೆ ಕೇಳುವವನಲ್ಲ. ಅಲ್ಲಿನ ಡಾಕ್ಟರು "ಎಣ್ಣೆ, ಕರಿದದ್ದು ಬಿಡಿ" ಅಂದು ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಮಾತ್ರೆ ಬರೆದುಕೊಟ್ಟರಂತೆ. ಅವನು ಮನೆಗೆ ಬಂದು ಅದನ್ನೇ ಹೇಳಿದ. ಅಮ್ಮ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿ ಆ ಮಾತು ಅಂದಳು.

ತಮ್ಮನಿಗೆ ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಮೊದಲ ಸಲ ಫಿಟ್ಸ್ ಬಂತು. ಅವತ್ತೂ ದೂರು ಅಮ್ಮನ ಮೇಲೇ ಬಂತು. ಬಸುರಿಯಿದ್ದಾಗ ಏನು ತಿಂದೆ, ಯಾವ ಹರಕೆ ಮರೆತೆ ಅಂತ ನಮ್ಮ ಅತ್ತೆ ಎಲ್ಲರೆದುರೇ ಕೇಳಿದ್ದರು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವತ್ತಿಂದ ಅವನು ಕಾರ್ಬಮಜೆಪಿನ್ ಅನ್ನೋ ಫಿಟ್ಸ್ ಮಾತ್ರೆ ನುಂಗುತ್ತಿದ್ದಾನೆ. ಎಂಟು ವರ್ಷದಿಂದ ಒಂದು ಫಿಟ್ಸೂ ಬಂದಿಲ್ಲ.

ಮೊನ್ನೆ ಅವನ ನ್ಯೂರಾಲಜಿ ಡಾಕ್ಟರ ಹತ್ತಿರ ನಾವು ಮೂವರೂ ಹೋದೆವು. ಅವರು ರಿಪೋರ್ಟ್ ನೋಡಿ ಅಮ್ಮನಿಗೇ ಹೇಳಿದರು, "ಇದು ನಿಮ್ಮ ಅಡುಗೆಯಿಂದ ಆಗಿದ್ದು ಅನ್ನಿಸಲ್ಲ ಅಮ್ಮ, ಮಾತ್ರೆಯದ್ದೇ ಇರಬೇಕು." ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್ ಈ ಫಿಟ್ಸ್ ಮಾತ್ರೆಗಳೆಲ್ಲ ಲಿವರಿನ ಕೆಲವು ಎಂಜೈಮ್‌ಗಳನ್ನು ಚುರುಕು ಮಾಡುತ್ತವಂತೆ. ಕೊಲೆಸ್ಟ್ರಾಲ್ ತಯಾರಿಯಲ್ಲಿ ಕೈಯಿರುವ ಎಂಜೈಮೂ ಅದರಲ್ಲೊಂದು. ಹಾಗಾಗಿ ಎಷ್ಟು ಪಥ್ಯ ಮಾಡಿದರೂ ಕೆಲವರ ರಕ್ತದಲ್ಲಿ ಕೊಲೆಸ್ಟ್ರಾಲ್ ಜಾಸ್ತಿಯೇ ಇರುತ್ತೆ. ಇನ್ನೊಂದು ವಿಷಯ ಕೇಳಿ ನನಗೆ ಗಾಬರಿಯಾಯಿತು. ಅಟೊರ್ವಾಸ್ಟಾಟಿನ್ ಕೊಟ್ಟರೂ ಅದೇ ಚುರುಕಾದ ಎಂಜೈಮ್‌ಗಳು ಅದನ್ನು ಬೇಗ ಖಾಲಿ ಮಾಡಿಬಿಡುತ್ತವೆ, ನುಂಗಿದಷ್ಟು ಫಲ ಸಿಗಲ್ಲ. ವಾಲ್‌ಪ್ರೊಯೇಟ್ ಅನ್ನೋ ಇನ್ನೊಂದು ಫಿಟ್ಸ್ ಮಾತ್ರೆಯ ದಾರಿಯೇ ಬೇರೆ. ಅದರಲ್ಲಿ ಕೆಲವರ ತೂಕ ಏರುತ್ತೆ, ಅದರ ಹಿಂದೆ ರಕ್ತದಲ್ಲಿನ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬೂ ಏರಬಹುದು. ಲೆವೆಟಿರಾಸಿಟಮ್, ಲ್ಯಾಮೊಟ್ರಿಜಿನ್ ಅನ್ನೋ ಫಿಟ್ಸ್ ಮಾತ್ರೆಗಳಿಗೆ ಈ ಎಂಜೈಮ್ ಕಾಟ ಇಲ್ಲ. ಅವಕ್ಕೆ ಬದಲಿಸಿದವರಲ್ಲಿ ಎರಡು ತಿಂಗಳೊಳಗೇ ಕೊಲೆಸ್ಟ್ರಾಲ್ ಇಳಿದದ್ದುಂಟು.

"ಹಾಗಾದ್ರೆ ಇವತ್ತೇ ಬಿಟ್ಟುಬಿಡ್ಲಾ?" ಅಂದ ತಮ್ಮ. ಡಾಕ್ಟರು ಕುರ್ಚಿಯಿಂದ ಮುಂದೆ ಬಾಗಿದರು. ದಿಢೀರ್ ಬಿಟ್ಟರೆ ಫಿಟ್ಸ್ ಮೇಲಿಂದ ಮೇಲೆ ಬಂದು ಪ್ರಾಣಕ್ಕೇ ಕುತ್ತು, ಬದಲಿಸೋದಾದರೆ ನಿಧಾನವಾಗಿ, ನಮ್ಮ ಕಣ್ಣೆದುರಿಗೇ ಬದಲಿಸಬೇಕು ಅಂದರು.

ಹೊರಗೆ ಬಂದಾಗ ನನಗೆ ಆ ಚೆಕಪ್ ಡಾಕ್ಟರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. "ಯಾವ ಮಾತ್ರೆ ತಗೋತೀಯ ಅಂತ ಒಂದು ಮಾತು ಕೇಳಬಾರದಿತ್ತಾ?" ಅಂದೆ. ತಮ್ಮ ನೆಲ ನೋಡುತ್ತಾ ಹೇಳಿದ, "ಫಾರಂನಲ್ಲಿ ಕೇಳಿದ್ರು ಅಕ್ಕ. ನಾನೇ ಇಲ್ಲ ಅಂತ ಬರೆದೆ."

ಬೈಯಲು ಬಾಯಿ ಬರಲಿಲ್ಲ. ಹಿಂದಿನ ಕೆಲಸದಲ್ಲಿ ಒಂದು ಸಲ ಬಿದ್ದ ಮೇಲೆ ಇವನ ಪಕ್ಕ ಕೂತು ಊಟ ಮಾಡುವುದನ್ನೇ ಜನ ಬಿಟ್ಟಿದ್ದರು. ಎರಡು ಸಂಬಂಧ ಇದೇ ಕಾರಣಕ್ಕೆ ಮುರಿದವು. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗ ಇದ್ದವರ ಮದುವೆಗಿದ್ದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಹೆಣ್ಣು ಕೊಡುವವರ ಮನೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಹೀಗಿರುವಾಗ ಅವನು ಬಚ್ಚಿಟ್ಟಿದ್ದು ತಪ್ಪು ಅಂತ ಸುಲಭವಾಗಿ ಹೇಳೋಕೆ ನನ್ನಿಂದಾಗಲ್ಲ. ಆದರೆ ಆ ಒಂದು "ಇಲ್ಲ"ಕ್ಕೆ ಅವನ ರಕ್ತದ ಲೆಕ್ಕವೇ ತಪ್ಪಿತ್ತಲ್ವಾ, ಅಮ್ಮ ನಾಲ್ಕು ದಿನ ಒಗ್ಗರಣೆಗೆ ಅರ್ಧ ಚಮಚ ಎಣ್ಣೆ ಅಳೆದು ಹಾಕಿದಳಲ್ವಾ.

ನಿನ್ನೆ ತಮ್ಮ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡ. ಇನ್ನು ಮೇಲೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನೇ ತೋರಿಸುತ್ತಾನಂತೆ. ಆಫೀಸಿನ ಫಾರಂ ಬಗ್ಗೆ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.