ಪಡುಕೆರೆಯ ಗಂಜಿ, ಸೋಮವಾರದ ಕೇಸು

ಶನಿವಾರ ಮಧ್ಯಾಹ್ನ ಡ್ಯೂಟಿ ಮುಗಿಸಿ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉಡುಪಿ ಎಕ್ಸ್‌ಪ್ರೆಸ್ ಬಸ್ಸು ಹತ್ತಿದಾಗ ನನ್ನ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಟವೆಲ್ಲು, ಮತ್ತೆ ಡಯಾಲಿಸಿಸ್ ವಾರ್ಡಿನ ನೋಟ್‌ಬುಕ್ಕು ಇದ್ದವು. ನೋಟ್‌ಬುಕ್ಕು ರೂಮಲ್ಲೇ ಬಿಟ್ಟು ಬಾ ಅಂತ ರೂಮ್‌ಮೇಟ್ ಹೇಳಿದ್ದಳು. ಮನಸ್ಸು ಬರಲಿಲ್ಲ. ಸೋಮವಾರ ಬೆಳಿಗ್ಗೆ ನನ್ನ ಕೇಸ್ ಪ್ರೆಸೆಂಟೇಶನ್. ಆ ಕೇಸಿನ ಒಂದು ಲೆಕ್ಕ ಎಷ್ಟು ಸಲ ಕೂಡಿಸಿದರೂ ತಾಳೆಯಾಗುತ್ತಿರಲಿಲ್ಲ.

ನಾನು ಅರಸೀಕೆರೆ ಕಡೆಯವಳು. ಎಂ.ಎಸ್ಸಿ. ಮುಗಿಸಿ, ಡಯಟೀಷಿಯನ್ ಆಗಿ ಆರ್‌.ಡಿ. (ರಿಜಿಸ್ಟರ್ಡ್ ಡಯಟೀಷಿಯನ್) ಪರೀಕ್ಷೆಗೆ ಕೂರಬೇಕು ಅಂತ ಮಂಗಳೂರಿಗೆ ಬಂದವಳು. ಆ ಪರೀಕ್ಷೆ ಬರೆಯಬೇಕಾದರೆ ಆಸ್ಪತ್ರೆಯಲ್ಲಿ 6 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ನನ್ನದು ಈಗ ನಾಲ್ಕನೇ ತಿಂಗಳು. ಬೆಳಿಗ್ಗೆ 8ಕ್ಕೆ ಡಯಟ್ ಕಿಚನ್ನಿನಲ್ಲಿ ಟ್ರೇ ಪರೀಕ್ಷಿಸುವುದು, ಆಮೇಲೆ ವಾರ್ಡ್ ರೌಂಡ್ಸ್, ಐಸಿಯುನಲ್ಲಿ ಟ್ಯೂಬಿನಲ್ಲಿ ಕೊಡುವ ಫೀಡಿನ ಲೆಕ್ಕ, ಮಧ್ಯಾಹ್ನ ಒಪಿಡಿ, ಸಂಜೆ ಕೂತು ಚಾರ್ಟ್ ಬರೆಯುವುದು. ಭಾನುವಾರಗಳೂ ಸರದಿಯ ಮೇಲೆ. ತಿಂಗಳಿಗೆ ಒಂದು ಸಲ ಮಾತ್ರ ಶನಿವಾರದ ಅರ್ಧ ದಿನವೂ ಭಾನುವಾರವೂ ಒಟ್ಟಿಗೆ ಕೈಗೆ ಸಿಗುತ್ತವೆ. ಕಡಲ ಊರಲ್ಲಿ ನಾಲ್ಕು ತಿಂಗಳು ಇದ್ದೂ ನಾನು ಕಡಲು ನೋಡಿದ್ದು ಎರಡೇ ಸಲ, ಪಣಂಬೂರಿನಲ್ಲೊಮ್ಮೆ, ತಣ್ಣೀರುಬಾವಿಯಲ್ಲೊಮ್ಮೆ. ಎರಡು ಸಲವೂ ಕತ್ತಲಾಗುವ ಹೊತ್ತಿಗೆ ಹೋಗಿ ಚರುಮುರಿ ತಿಂದು ಬಂದದ್ದು.

ಈ ಸಲ ರಾತ್ರಿ ಉಳಿಯಲೇಬೇಕು ಅಂತ ತೀರ್ಮಾನಿಸಿದ್ದೆವು. ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಕಂಬ ಕಂಬವಾಗಿ ನಿಂತ ಆ ಕಪ್ಪು ಬಂಡೆಗಳನ್ನು ನೋಡುವುದು ಮೊದಲ ಯೋಚನೆ. ಅಷ್ಟು ಸಮಯ ಇರಲಿಲ್ಲ. ರೂಮ್‌ಮೇಟಿಗೆ ಪರಿಚಯದ ಒಬ್ಬ ಅಕ್ಕನ ಮನೆ ಪಡುಕೆರೆಯಲ್ಲಿತ್ತು, ಅಲ್ಲಿ ಒಂದು ರೂಮು ಬಾಡಿಗೆಗೆ ಕೊಡುತ್ತಾರೆ. ಅಲ್ಲಿಗೇ ಹೊರಟೆವು.

ಕೇಸಿನ ವಿಷಯ ಹೇಳಿಬಿಡುತ್ತೇನೆ. ಯಾರೆಂದು ಗುರುತು ಸಿಗುವ ಏನನ್ನೂ ಬರೆಯುವುದಿಲ್ಲ. ಒಬ್ಬ ಅಜ್ಜ, ಅರವತ್ತು ದಾಟಿದವರು, ಮೊದಲು ಮೀನಿನ ಬೋಟಿನಲ್ಲಿದ್ದವರು. ಎರಡೂ ಕಿಡ್ನಿ ಸೋತಿವೆ. ವಾರಕ್ಕೆ ಎರಡು ಡಯಾಲಿಸಿಸ್. ಕಿಡ್ನಿ ಕೆಲಸ ನಿಲ್ಲಿಸಿದರೆ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ. ಕಾಲು ಊದಿಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, ಹಾಗಾಗಿ ತಕ್ಕಡಿಯೇ ನಮಗೆ ಎಲ್ಲವನ್ನೂ ಹೇಳುತ್ತದೆ. ಅಜ್ಜನ ಒಣತೂಕ, ಅಂದರೆ ಮೈಯಲ್ಲಿ ಹೆಚ್ಚುವರಿ ನೀರು ಇಲ್ಲದಾಗಿನ ತೂಕ, 58 ಕೆ.ಜಿ. ಪ್ರತಿ ಸಲ ಬರುವಾಗ 61ರ ಮೇಲೆ. ಆ ಮೂರು ಕಿಲೋ ನೀರನ್ನು ಮೆಷಿನ್ನು ನಾಲ್ಕು ಗಂಟೆಯಲ್ಲಿ ಎಳೆದು ತೆಗೆಯುವಾಗ ಅವರ ಬಿಪಿ ಇಳಿಯುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಹಲ್ಲು ಕಚ್ಚಿ ಸುಮ್ಮನಿರುತ್ತಾರೆ. ಅವರ ಪಕ್ಕದಲ್ಲಿ ನಿಂತು ನೋಡುವುದು ನನಗೆ ಬಹಳ ಕಷ್ಟ.

ದಿನಕ್ಕೆ ಎಷ್ಟು ಕುಡಿಯಬಹುದು ಅನ್ನುವುದಕ್ಕೆ ನಾವು ಹಿಡಿಯುವ ಲೆಕ್ಕ ಸರಳ: ಹಿಂದಿನ ದಿನ ಹೋದ ಮೂತ್ರ, ಅದರ ಮೇಲೆ 500 ಮಿ.ಲೀ. ಅಜ್ಜನಿಗೆ ಹೋಗುವುದು ಹೆಚ್ಚೆಂದರೆ 200. ಅಲ್ಲಿಗೆ ಒಟ್ಟು 700. ಅವರ ಹೆಂಡತಿಯನ್ನು ಕೂರಿಸಿಕೊಂಡು ಒಂದು ಇಡೀ ದಿನದ ಊಟತಿಂಡಿಯನ್ನು ವಿಚಾರಿಸಿದ್ದೆ. ಮಾತ್ರೆಗೆ ಒಂದು ಲೋಟ ನೀರು, ಎರಡು ಸಣ್ಣ ಲೋಟ ಚಹಾ, ಅಷ್ಟೇ. ಬೆಳಿಗ್ಗೆ ಊಟ, ಮಧ್ಯಾಹ್ನ ಊಟ, ರಾತ್ರಿ ಊಟ. ಊಟ ಎಂದಲ್ಲೆಲ್ಲ ನಾನು 'ಕುಚ್ಚಲಕ್ಕಿ ಅನ್ನ, 2 ಕಪ್' ಎಂದು ಬರೆದೆ. ಕೂಡಿಸಿದರೆ 450 ಮಿ.ಲೀ. ಆ ಲೆಕ್ಕದಲ್ಲಿ ಅಜ್ಜನ ತೂಕ ಹೀಗೆ ಏರಲು ಕಾರಣವೇ ಇಲ್ಲ.

ನಮ್ಮ ಸೀನಿಯರ್ ಮೇಡಂ ನನ್ನ ಹಾಳೆ ನೋಡಿ, "ತೂಕ ಸುಳ್ಳು ಹೇಳುವುದಿಲ್ಲ. ಆ ಅಮ್ಮನೂ ಸುಳ್ಳು ಹೇಳುವ ಜನ ಅಲ್ಲ. ನೀನು ಕೇಳಿದ್ದು ಎಂತ ಅಂತ ನೋಡು" ಎಂದಿದ್ದರು. ಅವರಿಗೆ ಆಗಲೇ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಕಟಪಾಡಿಯಲ್ಲಿ ಇಳಿದು ಆಟೋ ಹಿಡಿದು ಮಟ್ಟುವಿಗೆ ಹೋದೆವು. ದಾರಿಯುದ್ದಕ್ಕೂ ಗುಳ್ಳದ ಗದ್ದೆ. ಮಟ್ಟುಗುಳ್ಳ ಅಂದರೆ ತಿಳಿಹಸಿರು ಮೈಯ, ಬಿಳಿ ಗೀರಿನ ದುಂಡು ಬದನೆ, ತೊಟ್ಟಿನಲ್ಲಿ ಮುಳ್ಳು. ಅದಕ್ಕೆ 2011ರಲ್ಲಿ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಸಿಕ್ಕಿದೆ. ಆಟೋದವರು ನಿಲ್ಲಿಸಿ ಒಂದು ಕೊಯ್ದು ತೋರಿಸಿದರು. ಕೈಯಲ್ಲಿ ಹಿಡಿದು ನನಗೆ ಮೊದಲು ನೆನಪಾದದ್ದು ಅಜ್ಜನ ಚಾರ್ಟು: ಆಲೂಗಡ್ಡೆ, ಸೊಪ್ಪಿಗಿಂತ ಬದನೆಯಲ್ಲಿ ಪೊಟ್ಯಾಶಿಯಂ ಕಡಿಮೆ, ಹೆಚ್ಚಿ, ನೀರಲ್ಲಿ ನೆನೆಸಿ, ಬೇಯಿಸಿ, ಆ ನೀರು ಚೆಲ್ಲಿದರೆ ಇನ್ನೂ ಕಡಿಮೆ. ರೂಮ್‌ಮೇಟ್ ನನ್ನ ಮುಖ ನೋಡಿ, "ಇವತ್ತು ರಜೆ ಮಾರಾಯ್ತಿ" ಅಂದಳು. ಅವಳೂ ಫಿಸಿಯೋಥೆರಪಿ ಇಂಟರ್ನ್. ಆದರೆ ಅವಳಿಗೆ ಆಸ್ಪತ್ರೆಯ ಗೇಟು ದಾಟಿದ ಮೇಲೆ ಆಸ್ಪತ್ರೆ ನೆನಪಿರುವುದಿಲ್ಲ. ನನಗೆ ಆ ವಿದ್ಯೆ ಇನ್ನೂ ಒಲಿದಿಲ್ಲ, ಅದನ್ನು ಕಲಿಯಬೇಕು ಅಂತ ಮನಸಾರೆ ಬಯಸುತ್ತೇನೆ.

ಮಟ್ಟು ಸೇತುವೆ ದಾಟಿದರೆ ರಸ್ತೆಯ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಒಂದು ಸಾಲು ಮನೆ, ತೆಂಗು. ಇದೇ ರಸ್ತೆ ಬಡಗು ದಿಕ್ಕಿಗೆ ಪಡುಕೆರೆಯುದ್ದಕ್ಕೂ ಹೋಗಿ ಮಲ್ಪೆ ಸೇರುತ್ತದೆ. ಬ್ಯಾಗು ಇಟ್ಟು ಮರಳಿಗೆ ಇಳಿದೆವು. ಅಕ್ಕ ಎರಡು ಬೊಂಡ ಕೆತ್ತಿ ಕೊಟ್ಟರು. ನಾವು ಎಳನೀರು ಅನ್ನುವುದನ್ನು ಇಲ್ಲಿ ಬೊಂಡ ಅನ್ನುತ್ತಾರೆ. ತೆಂಗಿನ ಸೀಮೆಯಲ್ಲೇ ಬೆಳೆದವಳು ನಾನು. ಜ್ವರ ಬಂದರೂ, ಬಿಸಿಲು ಹೊಡೆದರೂ ನಮ್ಮಲ್ಲಿ ಅದೇ ಮದ್ದು. ಆದರೆ ಅದೇ ಬೊಂಡದಲ್ಲಿರುವ ಪೊಟ್ಯಾಶಿಯಂ ಡಯಾಲಿಸಿಸ್‌ನವರ ಎದೆಬಡಿತವನ್ನೇ ಏರುಪೇರು ಮಾಡಬಲ್ಲದು. ಪ್ರತಿ ವಾರ ನಾಲ್ಕೈದು ಮಂದಿಗೆ "ಬೊಂಡ ಬೇಡ" ಎಂದು ಹೇಳುತ್ತೇನೆ. ಹೇಳಿದಾಗಲೆಲ್ಲ ಅವರ ಮುಖ ಸಣ್ಣದಾಗುವುದನ್ನು ನೋಡಿದ್ದೇನೆ. ಅವತ್ತು ಬಾಯಾರಿಕೆಯಲ್ಲಿ ಕುಡಿದ ಮೊದಲ ಗುಟುಕಿಗೆ, ನಾನು ಅವರಿಂದ ಏನನ್ನು ಕಿತ್ತುಕೊಳ್ಳುತ್ತಿದ್ದೇನೆ ಅನ್ನುವುದು ಗಂಟಲಿಗೇ ಗೊತ್ತಾಯಿತು.

ಕತ್ತಲಾದ ಮೇಲೂ ಬಹಳ ಹೊತ್ತು ಕೂತಿದ್ದೆವು. ದೂರದಲ್ಲಿ ಬೋಟುಗಳ ದೀಪ ಸಾಲಾಗಿ ಹತ್ತಿಕೊಂಡವು. ತೆಂಕಣ ದಿಕ್ಕಿನಲ್ಲಿ ಕಾಪುವಿನ ದೀಪಸ್ತಂಭದ ಬೆಳಕು ಬಂದು ಬಂದು ಹೋಗುತ್ತಿತ್ತು. 1901ರಲ್ಲಿ ಕಟ್ಟಿದ್ದು ಅದು. ನಾನು ಎರಡು ಸಲ ನೋಟ್‌ಬುಕ್ಕು ತೆಗೆದೆ, ಎರಡು ಸಲವೂ ಒಳಗಿಟ್ಟೆ. ಆಮೇಲೆ ಅಲೆಯ ಸದ್ದಿಗೆ ಯಾವಾಗ ನಿದ್ದೆ ಬಂತೋ ತಿಳಿಯದು. ನಾಲ್ಕು ತಿಂಗಳಲ್ಲಿ ಅಲಾರಂ ಇಡದೆ ಮಲಗಿದ್ದು ಅದೇ ಮೊದಲು.

ಬೆಳಿಗ್ಗೆ ಎಚ್ಚರವಾದದ್ದು ಗಂಡಸರ ಕೂಗಿಗೆ. ಹೊರಗೆ ಬಂದರೆ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಅದರ ಎರಡೂ ತುದಿಯ ಹಗ್ಗವನ್ನು ದಡಕ್ಕೆ ತಂದಿರುತ್ತಾರೆ. ಆಮೇಲೆ ಎರಡು ಗುಂಪಾಗಿ ನಿಂತು ಎಳೆಯುವುದು. ಎಳೆಯುತ್ತಾ ಎಳೆಯುತ್ತಾ ಎರಡು ಗುಂಪೂ ಹತ್ತಿರ ಬರುತ್ತವೆ. ಹಗ್ಗದ ಹಿಂದಿನ ತುದಿಯಲ್ಲಿದ್ದವರು ಅದನ್ನು ಬಿಟ್ಟು ಓಡಿ ನೀರಿನ ಅಂಚಿಗೆ ಹೋಗಿ ಮತ್ತೆ ಹಿಡಿಯುತ್ತಾರೆ. ನಾವೂ ಹಿಡಿದೆವು. ಒದ್ದೆ ಹಗ್ಗ ಅಂಗೈಯನ್ನು ಉಜ್ಜುತ್ತಿತ್ತು. ನೀರಿನೊಳಗೆ ಏನೋ ದೊಡ್ಡ ಜೀವ ನಮ್ಮನ್ನೇ ತಿರುಗಿ ಎಳೆಯುತ್ತಿದೆ ಅನ್ನಿಸುವಷ್ಟು ಭಾರ. ಮುಕ್ಕಾಲು ಗಂಟೆ ಆಗಿರಬೇಕು. ಬಲೆಯ ಹೊಟ್ಟೆ ಮರಳಿಗೆ ಬಂದಾಗ ಒಳಗೆ ಬೂತಾಯಿ, ಬೊಳಂಜೀರು, ನಾಲ್ಕು ಏಡಿ, ಒಂದಿಷ್ಟು ಹೆಸರು ಗೊತ್ತಿಲ್ಲದ ಚಪ್ಪಟೆ ಮೀನು, ಎಲ್ಲ ಒಟ್ಟಿಗೆ ಚಟಪಟ ಹಾರುತ್ತಿದ್ದವು. ಹೆಂಗಸರು ಬುಟ್ಟಿ ತಂದು ಕೂತು ಬೇರೆ ಬೇರೆ ಮಾಡತೊಡಗಿದರು. ಮುಳ್ಳು ಸಮೇತ ಅಗಿದು ತಿನ್ನುವ ಈ ಸಣ್ಣ ಮೀನಿನಿಂದ ಒಳ್ಳೆಯ ಕ್ಯಾಲ್ಸಿಯಂ ಬಡವರ ಬಟ್ಟಲಿಗೂ ಸುಲಭಕ್ಕೆ ಬರುತ್ತದೆ. ಬಸುರಿಯರಿಗೆ ದುಬಾರಿ ಪುಡಿಯ ಡಬ್ಬ ಕೊಳ್ಳುವ ಮನೆಯವರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ.

ಮನೆಗೆ ಬಂದಾಗ ಎಂಟೂವರೆ. ಅಕ್ಕ ಒಳಗಿಂದ, "ಕೈಕಾಲು ತೊಳೆದು ಬನ್ನಿ, ಊಟ ಮಾಡಿ" ಅಂದರು.

ಬೆಳಿಗ್ಗೆ ಎಂಟೂವರೆಗೆ ಊಟ. ನನ್ನ ಕಿವಿ ನಿಮಿರಿತು.

ತಂದಿಟ್ಟದ್ದು ಗಂಜಿ. ದೊಡ್ಡ ಸ್ಟೀಲಿನ ಬಟ್ಟಲು, ಅದರಲ್ಲಿ ಅಂಚಿನ ತನಕ ತಿಳಿ, ತಳದಲ್ಲಿ ಕೆಂಪು ಗೀರಿನ ದಪ್ಪ ಕುಚ್ಚಲಕ್ಕಿ ಅಗುಳು. ಪಕ್ಕದಲ್ಲಿ ಒಣಸಿಗಡಿ ಚಟ್ನಿ, ಒಂದು ಮಿಡಿ ಉಪ್ಪಿನಕಾಯಿ. ನಮ್ಮ ಮನೆಯಲ್ಲಿ ಗಂಜಿ ಅಂದರೆ ಕಾಯಿಲೆಯವರಿಗೆ ಕಾಯಿಸಿ ಕೊಡುವ ರಾಗಿ ಗಂಜಿ. ಅದನ್ನು ಕುಡಿಯುತ್ತೇವೆ, ಊಟ ಅನ್ನುವುದಿಲ್ಲ. "ಅಕ್ಕಾ, ನಿಮ್ಮಲ್ಲಿ ಮೂರು ಹೊತ್ತೂ ಇದೇನಾ?" ಅಂತ ಕೇಳಿದೆ. "ಈಗಿನ ಮಕ್ಕಳಿಗೆ ಬೇಡ. ನಮ್ಮ ಅಪ್ಪನಿಗೆಲ್ಲ ಇದೇ ಬೇಕು. ಗಂಜಿ ಇಲ್ಲದಿದ್ರೆ ಉಂಡ ಹಾಗೆ ಆಗುವುದಿಲ್ಲ ಅವರಿಗೆ."

ಅವರ ಒಪ್ಪಿಗೆ ಕೇಳಿ, ಅಗುಳು ಬೀಳದ ಹಾಗೆ ತಿಳಿಯನ್ನು ನನ್ನ ನೀರಿನ ಬಾಟಲಿಗೆ ಬಸಿದೆ. ಬಾಟಲಿಯ ಮೇಲೆ ಗೆರೆಗಳಿವೆ. 350 ಮಿ.ಲೀ. ಮತ್ತೆ ಬಟ್ಟಲಿಗೇ ಸುರಿದುಕೊಂಡು ನಿಧಾನವಾಗಿ ಉಂಡೆ. ಅಷ್ಟು ರುಚಿಯಾದ ಗಂಜಿಯನ್ನು ನಾನು ಉಂಡಿರಲಿಲ್ಲ. ಹಗ್ಗ ಎಳೆದ ಹಸಿವೂ ಇತ್ತು. ಉಣ್ಣುತ್ತಲೇ ಲೆಕ್ಕ ಕೂಡುತ್ತಾ ಬಂತು. ಮೂರು ಹೊತ್ತಿಗೆ 1050. ಅದರ ಮೇಲೆ ಚಹಾ, ಮಾತ್ರೆಯ ನೀರು, 450. ಒಟ್ಟು 1500. ಇರಬೇಕಾದದ್ದು 700. ದಿನಕ್ಕೆ 800 ಮಿ.ಲೀ. ಹೆಚ್ಚು. ನಾಲ್ಕು ದಿನಕ್ಕೆ ಮೂರು ಲೀಟರಿನ ಮೇಲೆ. ಅಜ್ಜ ತಕ್ಕಡಿಯ ಮೇಲೆ ಹೊತ್ತು ತರುತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ. ಜೊತೆಗೆ ಒಣಮೀನು, ಉಪ್ಪಿನಕಾಯಿ. ಸುಮಾರು 8 ಗ್ರಾಂ ಉಪ್ಪು ಒಳಗೆ ಹೋದರೆ ಒಂದು ಲೀಟರ್ ನೀರನ್ನು ಮೈ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಬಾಯಾರಿಕೆ ಹುಟ್ಟುವುದು. ಉಪ್ಪು ಇಳಿಸದೆ ಬರೀ ನೀರು ಕಡಿಮೆ ಮಾಡಿ ಅನ್ನುವುದು ರೋಗಿಗೆ ಕೊಡುವ ಹಿಂಸೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಅಜ್ಜನ ಹಾಳೆಯಲ್ಲಿ 'ನೀರು ಕಡಿಮೆ' ಎಂದು ಮೊದಲ ಸಾಲಿನಲ್ಲಿ, ಉಪ್ಪಿನ ಮಾತನ್ನು ಕೊನೆಯ ಸಾಲಿನಲ್ಲಿ ಬರೆದಿದ್ದೆ.

ಆಮೇಲೆ ಮಧ್ಯಾಹ್ನದ ತನಕ ನೀರಲ್ಲಿ ಆಡಿದೆವು. ನಿಜವಾಗಿ ಆಡಿದೆ ಅನ್ನಬೇಕಾದರೆ ಆ ಮೂರು ಗಂಟೆಯೇ. ವಾಪಸು ಬರುವಾಗ ಬಸ್ಸಿನಲ್ಲಿ ಹಾಳೆ ಹೊಸದಾಗಿ ಬರೆದೆ, ಮೂಲ್ಕಿ ದಾಟುವ ಹೊತ್ತಿಗೆ ಮುಗಿಯಿತು.

ಸೋಮವಾರ ಪ್ರೆಸೆಂಟೇಶನ್ನಿಗೂ ಮೊದಲು ವಾರ್ಡಿಗೆ ಹೋಗಿ ಅಜ್ಜಿಯನ್ನು ಕೇಳಿದೆ. "ಅಮ್ಮಾ, ನೀವು ಊಟ ಅಂದದ್ದು ಗಂಜಿಯಾ?"

"ಮತ್ತೆಂತ?"

"ತಿಳಿ ಸಮೇತ?"

"ತಿಳಿ ಇಲ್ಲದೆ ಗಂಜಿ ಉಂಟಾ ಮಗಾ? ನೀವು ಕೇಳಿದ್ದು ನೀರು ಎಷ್ಟು ಅಂತ ಅಲ್ವಾ? ನೀರು ಅವರು ಕುಡಿಯುವುದೇ ಇಲ್ಲ."

ಅವರ ದನಿಯಲ್ಲಿ ಬೇಸರವಿತ್ತು. ಇಷ್ಟು ದಿನ ನಾವೆಲ್ಲ ಅವರ ಮಾತನ್ನು ನಂಬದೆ ಮತ್ತೆ ಮತ್ತೆ ಕೇಳಿದ್ದೆವಲ್ಲ. ನಾನು ಕ್ಷಮೆ ಕೇಳಿದೆ.

ಪ್ರೆಸೆಂಟೇಶನ್ ಚೆನ್ನಾಗಿಯೇ ಆಯಿತು. ಹೊಸ ಚಾರ್ಟಿನಲ್ಲಿ ಓಟ್ಸ್ ಇಲ್ಲ, ಚಪಾತಿ ಇಲ್ಲ. ಅದೇ ಕುಚ್ಚಲಕ್ಕಿ, ತಿಳಿ ಪೂರ್ತಿ ಬಸಿದು. ಒಣಮೀನಿನ ಬದಲು ಹಸಿ ಬಂಗುಡೆ, ಉಪ್ಪು ಕಡಿಮೆ ಹಾಕಿ, ಹುಳಿ-ಮೆಣಸು-ಬೆಳ್ಳುಳ್ಳಿಯ ರುಚಿಯಲ್ಲಿ. ಡಯಾಲಿಸಿಸ್ ಆಗುವವರಿಗೆ ಪ್ರೊಟೀನ್ ಹೆಚ್ಚೇ ಬೇಕು, ಅಲ್ಲಿ ಕಡಿಮೆ ಮಾಡುವ ಹಾಗಿಲ್ಲ. ಒಣಸಿಗಡಿಯಲ್ಲಿ ರಂಜಕವೂ ಜಾಸ್ತಿ, ಅದು ಬೇಡವೇ ಬೇಡ. ಬೆಳಿಗ್ಗೆಯ ಒಂದು ಹೊತ್ತಿಗೆ ಮಾತ್ರ 100 ಮಿ.ಲೀ. ತಿಳಿ, 700ರ ಒಳಗೇ ಲೆಕ್ಕ ಹಿಡಿದು. ಆ 100ನ್ನು ಉಳಿಸಲು ಒಂದು ಚಹಾವನ್ನು ಬಿಡಿಸಿದೆ. ಅಜ್ಜ ಅದಕ್ಕೆ ಕೂಡಲೇ ಒಪ್ಪಿದರು. ಚಹಾ ಅವರಿಗೆ ಮುಖ್ಯವೇ ಆಗಿರಲಿಲ್ಲ.

ಗುರುವಾರ ಬಂದಾಗ ತೂಕ 59.9. ಕಾಲಿನ ಊತ ಇಳಿದಿತ್ತು. ಅವತ್ತು ಮೀನಖಂಡ ಹಿಡಿದುಕೊಳ್ಳಲಿಲ್ಲ. ಮೆಷಿನ್ನಿನ ಪಕ್ಕ ಸ್ಟೂಲು ಹಾಕಿಕೊಂಡು, ಗಂಜಿಯ ವಿಷಯ ನನಗೆ ಹೇಗೆ ಗೊತ್ತಾಯಿತು ಅಂತ ಹೇಳಿದೆ. ಪಡುಕೆರೆ ಅನ್ನುತ್ತಲೇ ಅಜ್ಜ ತಲೆ ಎತ್ತಿದರು.

"ಕೈರಂಪಣಿ ಎಳೆದದ್ದಾ? ಎಂತ ಬಿತ್ತು?"

ಬೂತಾಯಿ, ಬೊಳಂಜೀರು, ಏಡಿ ಎಂದೆ. ಬೂತಾಯಿ ಎಷ್ಟು ದೊಡ್ಡದು ಅಂತ ಕೇಳಿದರು. ಬೆರಳಲ್ಲಿ ಅಳತೆ ತೋರಿಸಿದೆ. ಎಷ್ಟು ಬುಟ್ಟಿ? ಮೂರು. ಬಲೆ ಬಿಟ್ಟದ್ದು ಎಷ್ಟು ಹೊತ್ತಿಗೆ? ಬೆಳಕು ಹರಿಯುವ ಮೊದಲು.

"ಗಾಳಿ ಯಾವ ಕಡೆಯದ್ದು ಇತ್ತು?"

ಅದನ್ನು ನಾನು ನೋಡಿರಲಿಲ್ಲ.

"ಮುಂದಿನ ಸಲ ಹೋದಾಗ ನೋಡಿ ಬಾ," ಎಂದು ಅಜ್ಜ ತಲೆಯನ್ನು ದಿಂಬಿಗೆ ಒರಗಿಸಿದರು.

ಮುಂದಿನ ತಿಂಗಳ ಎರಡನೇ ಶನಿವಾರ ನನಗೆ ಅರ್ಧ ದಿನ ಉಂಟು. ನೋಟ್‌ಬುಕ್ಕಿನ ಆ ಪುಟದ ಮೇಲೆ 'ಗಾಳಿ' ಎಂದು ಬರೆದಿಟ್ಟುಕೊಂಡಿದ್ದೇನೆ.