ನೂರು ವರ್ಷದ ಕಿಟ್ಟ

ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡದ ನೆಂಟರಿಲ್ಲ. ಮದುವೆ ಮನೆಯಲ್ಲಿ, ನಾಮಕರಣದಲ್ಲಿ, ಒಮ್ಮೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲೂ. ದೂರದ ಸಂಬಂಧದ ಅಜ್ಜಿಯೊಬ್ಬರು ಹೆಬ್ಬೆರಳಲ್ಲಿ ರೆಪ್ಪೆ ಕೆಳಕ್ಕೆ ಜಗ್ಗಿ, "ಒಂದು ಹನಿ ರಕ್ತ ಇಲ್ಲ ಕಣೇ ನಿನ್ನ ಮೈಯಲ್ಲಿ" ಅಂದಿದ್ದರು. ಅದರ ಬೆನ್ನಿಗೇ ಔಷಧಿಯೂ ಬರುತ್ತಿತ್ತು. ಬೆಲ್ಲ ತಿನ್ನು, ಖರ್ಜೂರ ತಿನ್ನು, ನುಗ್ಗೆಸೊಪ್ಪಿನ ಪಲ್ಯ ಮಾಡ್ಕೋ, ಕಬ್ಬಿಣದ ಬಾಣಲೆಯಲ್ಲೇ ಒಗ್ಗರಣೆ ಹಾಕು.

ಅವರನ್ನು ದೂರುವ ಹಾಗಿಲ್ಲ. ಎಷ್ಟೋ ವರ್ಷ ಡಾಕ್ಟರುಗಳೂ ನನಗೆ ಅದನ್ನೇ ಹೇಳಿದರು. ಶಾಲೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 8. ಕಬ್ಬಿಣದ ಮಾತ್ರೆ ಕೊಟ್ಟರು. ಕಾಲೇಜಿನಲ್ಲಿ 8. ಮತ್ತೆ ಮಾತ್ರೆ. ಬಸುರಿಯಾದಾಗ 7.6ಕ್ಕೆ ಇಳಿಯಿತು, ಮಾತ್ರೆಯ ಜೊತೆ ಕಬ್ಬಿಣದ ಇಂಜೆಕ್ಷನ್ನೂ ಆಯಿತು. ಹಿಮೋಗ್ಲೋಬಿನ್ ಮಾತ್ರ ಎಂಟೂವರೆ ದಾಟಲಿಲ್ಲ. "ನೀನು ಮಾತ್ರೆ ನುಂಗ್ತಿಲ್ಲ, ಕಿಟಕಿಯಿಂದ ಎಸೀತಿದೀಯ" ಅಂತ ಅಮ್ಮನ ಹತ್ತಿರ ಬೈಸಿಕೊಂಡೆ. ಒಂದೆರಡು ಎಸೆದದ್ದು ನಿಜ. ಉಳಿದ ನೂರಾರು ನುಂಗಿದ್ದೆ.

ಗುಟ್ಟು ಹೊರಬಿದ್ದದ್ದು 2016ರಲ್ಲಿ, ಪಿತ್ತಕೋಶದ ಕಲ್ಲಿನಿಂದ. ನನಗಾಗ 34. ಆಪರೇಷನ್ ಮಾಡಬೇಕಿದ್ದ ಸರ್ಜನ್ ನನ್ನ ಕಣ್ಣಿನ ಹಳದಿ ನೋಡಿದರು, ಎಡಗಡೆ ಹೊಟ್ಟೆ ಒತ್ತಿ ನೋಡಿದರು. "ಗುಲ್ಮ, ಅಂದ್ರೆ ಸ್ಪ್ಲೀನ್, ದೊಡ್ಡದಾಗಿದೆಯಲ್ಲಮ್ಮ, ಯಾರೂ ಹೇಳಿಲ್ವಾ?" ಯಾರೂ ಹೇಳಿರಲಿಲ್ಲ. ಅವರು ಬರೆದುಕೊಟ್ಟ ಪರೀಕ್ಷೆಯಲ್ಲಿ ಗೊತ್ತಾಯಿತು, ನನ್ನದು ಥಲಸ್ಸೀಮಿಯಾ ಇಂಟರ್‌ಮೀಡಿಯಾ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ. ತಿಂಗಳು ತಿಂಗಳು ರಕ್ತ ಹಾಕಿಸಿಕೊಳ್ಳುವ ಮಕ್ಕಳದ್ದು ಥಲಸ್ಸೀಮಿಯಾ ಮೇಜರ್. ನನ್ನದು ಅದರ ಮೆತ್ತನೆಯ ತಂಗಿ. ಅಪ್ಪನಿಗೂ ಅಮ್ಮನಿಗೂ ಒಂದೊಂದು ಕೆಟ್ಟ ಜೀನ್ ಇತ್ತು, ಇಬ್ಬರಿಗೂ ಏನೂ ತೊಂದರೆ ಇರಲಿಲ್ಲ. ಹುಟ್ಟುವ ಪ್ರತಿ ಮಗುವಿಗೂ ಎರಡೂ ಸೇರಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅದು ನನ್ನ ಪಾಲಿಗೆ ಬಂತು. ತಮ್ಮನಿಗೆ ಒಂದೇ ಬಂದಿದೆ, ಅವನು ಹಾಯಾಗಿದ್ದಾನೆ.

ಅದೇ ವಾರ ಫೆರಿಟಿನ್ ನೋಡಿದರು. ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ಹೇಳುವ ಲೆಕ್ಕ ಅದು. ಹೆಂಗಸರಿಗೆ 150, ಹೆಚ್ಚೆಂದರೆ 200ರ ಒಳಗಿರಬೇಕು. ನನ್ನದು 1,640. ಬೆಂಗಳೂರಿಗೆ ಹೋಗಿ ಲಿವರಿನ ಎಂಆರ್‌ಐ ಮಾಡಿಸಿದಾಗ ಒಂದು ಗ್ರಾಂ ಒಣ ಲಿವರಿಗೆ 11 ಮಿಲಿಗ್ರಾಂ ಕಬ್ಬಿಣ ಅಂತ ಬಂತು. 5 ದಾಟಿದರೇ ಔಷಧಿ ಶುರು ಮಾಡುತ್ತಾರೆ. ಹುಟ್ಟಿದಾಗಿಂದ ರಕ್ತ ಇಲ್ಲ, ಕಬ್ಬಿಣ ಇಲ್ಲ ಅನ್ನಿಸಿಕೊಂಡವಳ ಲಿವರ್ ತುಂಬ ಕಬ್ಬಿಣ!

ಇಲ್ಲೊಂದು ಮಾತು ಹೇಳಬೇಕು. ನಾನು ಭದ್ರಾವತಿಯವಳು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ನಾವು ಬೆಳೆದದ್ದು ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ, ಪಾಳಿಯ ಸೈರನ್ನಿಗೆ ಎದ್ದು ಮಲಗಿ. ರಕ್ತದ ಡಾಕ್ಟರ್ ನನಗೆ ಕಾಯಿಲೆ ವಿವರಿಸಿದಾಗ ಅರ್ಧವೂ ತಲೆಗೆ ಹೋಗಿರಲಿಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳಹೊರಟಾಗ ಸರಿಯಾಗಿ ಅರ್ಥವಾಯಿತು. ಮೂಳೆಯೊಳಗಿನ ಮಜ್ಜೆ ಅಂದರೆ ಕುಲುಮೆ. ನನ್ನ ಕುಲುಮೆ ಹಗಲೂ ರಾತ್ರಿ ಉರಿಯುತ್ತದೆ. ಆದರೆ ಎರಕ ಕೆಟ್ಟದ್ದು. ತಯಾರಾದ ಕೆಂಪುಕಣದಲ್ಲಿ ಹೆಚ್ಚಿನವು ಹೊರಗೆ ಬರುವ ಮೊದಲೇ ಒಡೆದುಹೋಗುತ್ತವೆ. ಮಾಲು ಬರುತ್ತಿಲ್ಲ ಅಂತ ಕುಲುಮೆ ಇನ್ನಷ್ಟು ಅದಿರು ಕಳಿಸಿ ಅಂತ ಕೂಗುತ್ತದೆ. ಗೇಟಿನಲ್ಲಿ ತಡೆಯಬೇಕಾದವನು ಹೆಪ್ಸಿಡಿನ್ ಅನ್ನುವ ಹಾರ್ಮೋನ್. ಈ ಕೂಗಿಗೆ ಹೆದರಿ ಅವನು ಗೇಟು ತೆರೆದಿಟ್ಟು ಸುಮ್ಮನಾಗುತ್ತಾನೆ. ಕರುಳು ಊಟದಲ್ಲಿರುವ ಕಬ್ಬಿಣವನ್ನೆಲ್ಲ ಬಾಚಿಕೊಳ್ಳುತ್ತದೆ.

"ಕೆಮ್ಮಣ್ಣುಗುಂಡಿಯಿಂದ ತೊಟ್ಟಿಲು ಬರ್ತಾನೇ ಇದೆ, ಇಲ್ಲಿ ಫರ್ನೇಸ್ ಕೆಟ್ಟಿದೆ" ಅಂದರು ಅಪ್ಪ. ಒಂದು ಕಾಲದಲ್ಲಿ ಅದಿರು ಬೆಟ್ಟದಿಂದ ರೋಪ್‌ವೇ ತೊಟ್ಟಿಲುಗಳಲ್ಲಿ ಇಳಿಯುತ್ತಿತ್ತು. "ಹಾಗಾದ್ರೆ ಯಾರ್ಡಿನಲ್ಲಿ ಬಿದ್ದಿರೋ ಅದಿರನ್ನ ಹೊರಗೆ ಸಾಗಿಸೋದು ಹೇಗೆ?"

ಅದೇ ಕಷ್ಟ. ಬೇಡದ ಕಬ್ಬಿಣವನ್ನು ಹೊರಗೆ ಹಾಕುವ ದಾರಿಯನ್ನು ದೇಹ ಇಟ್ಟುಕೊಂಡೇ ಇಲ್ಲ. ಚರ್ಮ ಉದುರಿ, ಕರುಳಿನ ಪೊರೆ ಉದುರಿ ದಿನಕ್ಕೆ ಒಂದೆರಡು ಮಿಲಿಗ್ರಾಂ ಹೋದರೆ ಹೋಯಿತು, ಅಷ್ಟೇ. ಹೆಂಗಸರಿಗೆ ತಿಂಗಳಿಗೊಮ್ಮೆ ಇನ್ನಷ್ಟು. ಉಳಿದದ್ದು ಲಿವರಿನಲ್ಲಿ, ಗ್ರಂಥಿಗಳಲ್ಲಿ ಕೂರುತ್ತದೆ. ಐರ್ಲೆಂಡ್ ಕಡೆ ಜಾಸ್ತಿ ಇರುವ ಹಿಮೋಕ್ರೊಮಟೋಸಿಸ್ ಅನ್ನುವ ಕಾಯಿಲೆಯಲ್ಲಿ ಸುಮ್ಮನೆ ಒಂದೊಂದು ಬಾಟಲಿ ರಕ್ತ ತೆಗೆದುಬಿಡುತ್ತಾರಂತೆ, ಕಬ್ಬಿಣ ಇಳಿಯುತ್ತದೆ. ನನಗೆ ಆ ದಾರಿಯೂ ಇಲ್ಲ. ಇರುವ ಎಂಟರಲ್ಲಿ ಏನು ತೆಗೆಯುತ್ತಾರೆ?

ಹಾಗಾಗಿ ಡಿಫೆರಾಸಿರಾಕ್ಸ್, ಕೂತಿರುವ ಕಬ್ಬಿಣವನ್ನು ಹಿಡಿದು ಹೊರಗೆ ಸಾಗಿಸುವ ಮಾತ್ರೆ. 48 ಕೆಜಿ ತೂಕಕ್ಕೆ ದಿನಕ್ಕೆ 500 ಮಿಲಿಗ್ರಾಂ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿಗೆ ಹಾಕಿ ಕದಡಿ ಕುಡಿಯಬೇಕು. ಸುಣ್ಣ ಕುಡಿದ ಹಾಗಿರುತ್ತದೆ. ಅರ್ಧ ಗಂಟೆ ಏನೂ ತಿನ್ನಬಾರದು. ಆ ಅರ್ಧ ಗಂಟೆಯಲ್ಲೇ ನನಗೆ ಹೊಟ್ಟೆ ತೊಳಸುವುದು, ಭೇದಿ. ಒಂಬತ್ತೂವರೆಗೆ ಪಾಠ ಮಾಡಬೇಕಾದ ಟೀಚರಿಗೆ ಇದು ಎಷ್ಟು ಫಜೀತಿ ಅಂತ ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಕಿಡ್ನಿಗೆ ಏನಾದರೂ ಆಯಿತಾ ಅಂತ ಆಗಾಗ ಕ್ರಿಯಾಟಿನಿನ್, ವರ್ಷಕ್ಕೊಮ್ಮೆ ಕಣ್ಣು ಕಿವಿ ಪರೀಕ್ಷೆ. ಆದರೂ ಮಾತ್ರೆ ಕೆಲಸ ಮಾಡುತ್ತಿತ್ತು. 2022ರ ಕೊನೆಗೆ ಫೆರಿಟಿನ್ 910ಕ್ಕೆ ಇಳಿದಿತ್ತು.

ಆಗ ಬಂದವನು ದೊಡ್ಡಮ್ಮನ ಮಗ, ನಮ್ಮಣ್ಣ. ಒಳ್ಳೆಯವನು. ನನ್ನ ಆಪರೇಷನ್ನಿನಲ್ಲಿ ಎರಡು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವನು. ಅವನಿಗೆ ಫ್ಯಾಟಿ ಲಿವರ್ ಇತ್ತು. ಯಾವುದೋ ಗಿಡಮೂಲಿಕೆ ಮಾತ್ರೆ ತಗೊಂಡು ವಾಸಿಯಾಯಿತು ಅಂತ ನಂಬಿದ್ದ. ಅದೇ ಹೊತ್ತಿಗೆ ಅವನು ಕುಡಿಯುವುದನ್ನೂ ಬಿಟ್ಟಿದ್ದ, ಆ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಲಿವರ್‌ನ ಕ್ಲೀನ್ ಮಾಡುತ್ತೆ ಕಣೇ. ಕಬ್ಬಿಣ ಗಿಬ್ಬಿಣ ಎಲ್ಲ ತೊಳ್ಕೊಂಡು ಹೋಗುತ್ತೆ. ಕೆಮಿಕಲ್ ಅಲ್ಲ, ನ್ಯಾಚುರಲ್" ಅಂದ. ನೂರು ಮಾತ್ರೆಯ ಎರಡು ಡಬ್ಬಿ ತಂದಿದ್ದ. ದುಡ್ಡು ಕೊಡಹೋದರೆ ಕೋಪ ಮಾಡಿಕೊಂಡ.

ನಾನು ಜೀವಶಾಸ್ತ್ರ ಪಾಠ ಮಾಡುವವಳು. ನಂಬಬಾರದಿತ್ತು. ಆದರೆ ದಿನಾ ಬೆಳಗ್ಗೆ ಸುಣ್ಣದ ನೀರು ಕುಡಿದು ಟಾಯ್ಲೆಟ್ಟಿಗೆ ಓಡುವವಳಿಗೆ ಹಸಿರು ಎಲೆಯ ಚಿತ್ರವಿರುವ ಡಬ್ಬಿ ಸಿಕ್ಕರೆ ಹೇಗಿರುತ್ತದೆ ಅಂತ ಆ ಪಾಡು ಪಟ್ಟವರಿಗೇ ಗೊತ್ತು. ಮೊದಲು ಎರಡನ್ನೂ ತಗೊಂಡೆ. ಹದಿನೈದು ದಿನದ ಮೇಲೆ ಡಿಫೆರಾಸಿರಾಕ್ಸ್ ದಿನ ಬಿಟ್ಟು ದಿನ ಮಾಡಿದೆ. ಆಮೇಲೆ ಪೂರ್ತಿ ಬಿಟ್ಟೆ. ಡಾಕ್ಟರಿಗೆ ಹೇಳಲಿಲ್ಲ. ಇವರಿಗೂ ಹೇಳಲಿಲ್ಲ. ಗಿಡಮೂಲಿಕೆಯ ಗುಣ ಚೆನ್ನಾಗಿ ಹತ್ತಲಿ ಅಂತ ಮಾತ್ರೆಯನ್ನು ಬೆಟ್ಟದ ನೆಲ್ಲಿಕಾಯಿ ರಸದ ಜೊತೆ ನುಂಗುತ್ತಿದ್ದೆ. ಇದು ನನ್ನದೇ ಬುದ್ಧಿ, ಅಣ್ಣ ಹೇಳಿದ್ದಲ್ಲ.

ಆ ನಾಲ್ಕು ತಿಂಗಳು ಎಷ್ಟು ಚೆನ್ನಾಗಿದ್ದೆ! ಹೊಟ್ಟೆ ತಣ್ಣಗಿತ್ತು. ಬೆಳಗ್ಗೆ ಎದ್ದ ಕೂಡಲೇ ಬಿಸಿ ಅಕ್ಕಿರೊಟ್ಟಿ ತಿನ್ನಬಹುದಿತ್ತು. ಮುಖದಲ್ಲಿ ಕಳೆ ಬಂದಿದೆ ಅಂತ ಸ್ಟಾಫ್ ರೂಮಿನಲ್ಲಿ ಇಬ್ಬರು ಹೇಳಿದರು. ಔಷಧಿ ನಾಟುತ್ತಿದೆ ಅಂದುಕೊಂಡೆ. ನಿಜಕ್ಕೂ ನಾನು ಸುಧಾರಿಸಿದ್ದು ಒಂದು ಮಾತ್ರೆ ಬಿಟ್ಟದ್ದರಿಂದ, ಇನ್ನೊಂದು ತಗೊಂಡದ್ದರಿಂದ ಅಲ್ಲ. ಅದು ಹೊಳೆಯಲೇ ಇಲ್ಲ.

2023ರ ಜೂನಿನಲ್ಲಿ ರಿಪೋರ್ಟ್ ಬಂತು. 1,290.

ಲ್ಯಾಬಿನವರು ತಪ್ಪು ಮಾಡಿರಬೇಕು ಅಂತ ಇನ್ನೊಂದು ಕಡೆ ಕೊಟ್ಟೆ. 1,310. ಅವತ್ತು ಶನಿವಾರ, ಬೆಳಗಿನ ಶಾಲೆ. ಮುಗಿಸಿಕೊಂಡು ಡಬ್ಬಿಯನ್ನು ಬ್ಯಾಗಿಗೆ ಹಾಕಿ ಸೀದಾ ಭದ್ರಾವತಿಯ ಬಸ್ಸು ಹತ್ತಿದೆ. ಡಾಕ್ಟರ ಹತ್ತಿರ ಹೋಗಲು ಮುಖವಿರಲಿಲ್ಲ. ಹಳೇನಗರದಲ್ಲಿ ಒಬ್ಬರು ಆಯುರ್ವೇದ ಪಂಡಿತರಿದ್ದಾರೆ. ನಾನು ಚಿಕ್ಕವಳಿದ್ದಾಗ ಕೆಮ್ಮಿಗೆ ಅವರದೇ ಕಷಾಯ. ಅಂಗಡಿಯ ತುಂಬ ಅದೇ ಹಳೆಯ ವಾಸನೆ, ಹಿಪ್ಪಲಿ ಮತ್ತು ತುಪ್ಪದ್ದು. ಡಬ್ಬಿ ಕೈಗಿಟ್ಟೆ.

ಅವರು ಕನ್ನಡಕ ಹಣೆಗೇರಿಸಿ, ಭೂತಗನ್ನಡಿ ಹಿಡಿದು, ಡಬ್ಬಿಯ ಹಿಂಬದಿಯ ಇರುವೆ ಸಾಲಿನಂಥ ಅಕ್ಷರ ಓದಿದರು. ಕಾಸನಿ, ಕಾಕಮಾಚಿ, ಅರ್ಜುನ, ಹೀಗೆ ಒಂದೊಂದೇ. ಆಮೇಲೆ ನಿಲ್ಲಿಸಿ ನನ್ನನ್ನು ನೋಡಿದರು.

"ನಿನಗೇನು ಕಾಯಿಲೆ ಅಂದೆ?"

"ಮೈಯಲ್ಲಿ ಕಬ್ಬಿಣ ಜಾಸ್ತಿ."

"ಮತ್ತೆ ಮಂಡೂರ ಯಾಕೆ ತಿಂತಾ ಇದೀಯ?"

"ಮಂಡೂರ ಅಂದ್ರೆ?"

ಪಂಡಿತರು ನಕ್ಕರು. ಕೊಂಕಿನ ನಗು ಅಲ್ಲ, ನಿಜವಾಗಿಯೂ ನಗು ಬಂತು ಅವರಿಗೆ. "ಕಾರ್ಖಾನೆಯವರ ಮಗಳಾಗಿ ಹೀಗೆ ಕೇಳ್ತೀಯಲ್ಲ. ಮಂಡೂರ ಅಂದ್ರೆ ಕಬ್ಬಿಣದ ಕಿಟ್ಟ ಕಣಮ್ಮ."

ಕಿಟ್ಟ! ಕುಲುಮೆಯಿಂದ ಹೊರಬೀಳುವ ಕಸ. ಅದನ್ನು ಕೆಂಪಗೆ ಕಾಯಿಸಿ ಗೋಮೂತ್ರದಲ್ಲಿ ಅದ್ದಿ, ಮತ್ತೆ ಕಾಯಿಸಿ ಮತ್ತೆ ಅದ್ದಿ, ಅರೆದು, ಪುಟ ಹಾಕಿ ಭಸ್ಮ ಮಾಡುತ್ತಾರಂತೆ. ಮೈ ಬಿಳಿಚಿಕೊಳ್ಳುವ ಪಾಂಡುರೋಗಕ್ಕೆ ಅದು ಹಳೆಯ ಮದ್ದು. ಪುನರ್ನವಾ ಮಂಡೂರ ಅಂತ ಚರಕನ ಕಾಲದಿಂದಲೂ ಇದೆ. "ಕಬ್ಬಿಣ ಕಮ್ಮಿ ಇದ್ದೋರಿಗೆ ಒಳ್ಳೇದೇ. ನಿನ್ನಂಥೋರಿಗೆ ನಾನಾದ್ರೆ ಕೊಡಲ್ಲ. ಕಿಟ್ಟ ಹಳೇದಾದಷ್ಟೂ ಉತ್ತಮ. ನೂರು ವರ್ಷದ್ದು ಶ್ರೇಷ್ಠ ಅಂತಾರೆ ಶಾಸ್ತ್ರದಲ್ಲಿ."

ನನ್ನ ತಲೆ ಎಲ್ಲೆಲ್ಲೋ ಓಡಿತು. ನಮ್ಮೂರ ಕಾರ್ಖಾನೆಯಲ್ಲಿ ಮೊದಲ ಕಬ್ಬಿಣ ಇಳಿದದ್ದು 1923ರಲ್ಲಿ, ಇದು 2023. "ಹಾಗಾದ್ರೆ ನಮ್ಮೂರ ಕಿಟ್ಟಕ್ಕೂ ಈಗ ನೂರಾಯ್ತು" ಅಂದೆ. "ಆ ಕಿಟ್ಟ ಬೇರೆ, ಸುಮ್ನೆ ಹೋಗು. ಮೊದಲು ನಿನ್ನ ಡಾಕ್ಟರನ್ನ ನೋಡು" ಅಂದರು. ದುಡ್ಡು ತಗೊಳ್ಳಲಿಲ್ಲ. ಈ ಇಡೀ ಪ್ರಸಂಗದಲ್ಲಿ ಯಾರೂ ನನ್ನಿಂದ ದುಡ್ಡು ತಗೊಳ್ಳಲಿಲ್ಲ ನೋಡಿ.

ಡಬ್ಬಿಯ ಮೇಲೆ ಎಲ್ಲವೂ ಬರೆದೇ ಇತ್ತು. ಯಾರೂ ಏನೂ ಮುಚ್ಚಿಟ್ಟಿರಲಿಲ್ಲ. ಮಕ್ಕಳಿಗೆ ಬಿಸ್ಕತ್ ಪ್ಯಾಕೆಟ್ಟಿನ ಹಿಂಬದಿ ಓದಿ ಅಂತ ಪಾಠ ಮಾಡುವ ನಾನು ನಾಲ್ಕು ತಿಂಗಳು ಎಲೆಯ ಚಿತ್ರ ನೋಡಿಕೊಂಡು ಕೂತಿದ್ದೆ.

ಡಾಕ್ಟರ್ ಬೈಯುತ್ತಾರೆ ಅಂದುಕೊಂಡು ಹೋದೆ. ಬೈಯಲಿಲ್ಲ. ಡಬ್ಬಿಯ ಫೋಟೋ ತೆಗೆದುಕೊಂಡರು. ಭಸ್ಮದಲ್ಲಿರುವ ಕಬ್ಬಿಣ ಅಷ್ಟು ಸುಲಭವಾಗಿ ಕರಗುವಂಥದ್ದಲ್ಲ, ಹಾಗಾಗಿ ತಪ್ಪೆಲ್ಲ ಅದರದ್ದೇ ಅನ್ನಬೇಡಿ ಅಂದರು. ಮುಖ್ಯ ಕಾರಣ ಔಷಧಿ ಬಿಟ್ಟದ್ದು. ಪರೀಕ್ಷೆಗೆ ಮುಂಚಿನ ವಾರ ನನಗೆ ಜ್ವರ ಬಂದಿತ್ತು, ಸೋಂಕಿನಲ್ಲೂ ಫೆರಿಟಿನ್ ಏರುತ್ತದಂತೆ. ನೆಲ್ಲಿಕಾಯಿ ವಿಷಯ ಹೇಳಿದಾಗ ಮಾತ್ರ ಹಣೆ ಚಚ್ಚಿಕೊಂಡರು. ವಿಟಮಿನ್ ಸಿ ಇದ್ದರೆ ಸೊಪ್ಪು, ಕಾಳಿನ ಕಬ್ಬಿಣವನ್ನು ಕರುಳು ಇನ್ನೂ ಚೆನ್ನಾಗಿ ಎಳೆದುಕೊಳ್ಳುತ್ತದೆ. ಇದು ಎಂಟನೇ ತರಗತಿಗೆ ನಾನೇ ಹೇಳಿಕೊಡುವ ಪಾಠ!

ಮಾತ್ರೆಯನ್ನು ಬೇರೆ ಬಗೆಯದಕ್ಕೆ ಬದಲಿಸಿದರು, ನೀರಲ್ಲಿ ಕದಡದೆ ನುಂಗುವಂಥದ್ದು. ಹೊಟ್ಟೆ ಈಗ ಎಷ್ಟೋ ವಾಸಿ. ಭೇದಿಯ ವಿಷಯ ಮೊದಲೇ ಬಾಯಿಬಿಟ್ಟಿದ್ದರೆ ಮೊದಲೇ ಸಿಗುತ್ತಿತ್ತು. ಹೇಳಲು ನಾಚಿಕೆ.

ಹೊರಡುವಾಗ ಕೇಳಿದೆ, "ಮನೆ ಮದ್ದು ಅಂತ ಏನೂ ಇಲ್ವಾ ಸರ್?"

"ಒಂದಿದೆ. ಊಟದ ಜೊತೆ ಟೀ ಕುಡೀರಿ. ಹಾಲು ಹಾಕಬೇಡಿ."

ಟೀಯ ಒಗರು ಕರುಳಿನಲ್ಲೇ ಕಬ್ಬಿಣವನ್ನು ಹಿಡಿದುಕೊಂಡು ಒಳಗೆ ಹೋಗಲು ಬಿಡುವುದಿಲ್ಲ. ಕೂತಿರುವ ಕಬ್ಬಿಣವನ್ನು ಅದು ತೆಗೆಯಲಾರದು, ಹೊಸದು ಬರುವುದನ್ನು ಸ್ವಲ್ಪ ತಡೆಯುತ್ತದೆ ಅಷ್ಟೆ. ಊರಿನ ಹೆಂಗಸರಿಗೆಲ್ಲ ಊಟದ ಜೊತೆ ಟೀ ಬೇಡ ಅಂತ ಹೇಳುವುದೂ ಇದೇ ಕಾರಣಕ್ಕೆ. ನನಗೆ ಮಾತ್ರ ಉಲ್ಟಾ.

ಅಣ್ಣನಿಗೆ ಫೋನು ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನನಗೆ ತೊಂದರೆ ಇಲ್ಲ ಅಲ್ವಾ?" ಅಂದ. ರಕ್ತ ಪರೀಕ್ಷೆ ಮಾಡಿಸು ಅಂದೆ. ಮಾಡಿಸಿದ, ಸರಿಯಾಗಿತ್ತು. ಮಗಳದ್ದೂ ಮಾಡಿಸಿದೆವು. ನನ್ನ ಎರಡು ಜೀನಿನಲ್ಲಿ ಒಂದು ಅವಳಿಗೆ ಬಂದೇ ಬರಬೇಕು, ಬಂದಿದೆ. ಇವರದ್ದು ಸರಿಯಿರುವುದರಿಂದ ಅಲ್ಲಿಗೆ ನಿಂತಿದೆ. ಮುಂದೆ ಅವಳ ಮದುವೆಗೆ ಮುಂಚೆ ಹುಡುಗನ ರಕ್ತ ನೋಡಬೇಕು. ಜಾತಕ ಕೊಡುವವರ ಹತ್ತಿರ ಇದನ್ನು ಕೇಳುವುದು ಹೇಗೆ ಅಂತ ಅಮ್ಮನಿಗೆ ಈಗಲೇ ಚಿಂತೆ. ಅವಳಿಗಿನ್ನೂ ಹದಿಮೂರು.

ಮೊನ್ನೆ ಭಾನುವಾರ ಅಮ್ಮನ ಮನೆಯಲ್ಲಿ ಊಟ. ತಟ್ಟೆಯ ಪಕ್ಕದಲ್ಲಿ ಸ್ಟೀಲ್ ಲೋಟದಲ್ಲಿ ಕರ್ರಗಿನ ಟೀ ತಂದಿಟ್ಟರು, ಮುಖ ಆ ಕಡೆ ತಿರುಗಿಸಿಕೊಂಡು. ಅನ್ನದ ಜೊತೆ ಟೀ ಕುಡಿಯುವುದನ್ನು ಅವರಿಂದ ನೋಡಲಿಕ್ಕಾಗುವುದಿಲ್ಲ. ಸಾರಿನಲ್ಲಿ ಸೌಟು ಆಡಿಸಿದರೆ ಹಸಿರು ಎಲೆ ತೇಲಿತು.

"ಅಮ್ಮ, ಇದು ನುಗ್ಗೆಸೊಪ್ಪು ಅಲ್ವಾ?"

"ಸ್ವಲ್ಪನೇ ಹಾಕಿದೀನಿ. ಆ ಟೀಗೂ ಈ ಸೊಪ್ಪಿಗೂ ಸರಿಹೋಗುತ್ತೆ, ಉಣ್ಣು" ಅಂದರು.