ಗೆರೆ ಸೇರಿದಂತೆ ಕಂಡರೆ ಸಾಲದು

ಡ್ರಾಫ್ಟಿಂಗ್ (ತಾಂತ್ರಿಕ ನಕ್ಷೆ ಬಿಡಿಸುವುದು) ಮತ್ತು ಕ್ಯಾಡ್ (ಅದನ್ನೇ ಕಂಪ್ಯೂಟರ್‌ನಲ್ಲಿ ಮಾಡುವುದು) ಕಲಿಯಲು ಬರುವ ಹೊಸಬರು ಮೊದಲ ದಿನವೇ ಕೇಳುವ ಪ್ರಶ್ನೆ, ಒಟ್ಟು ಎಷ್ಟು ಕಮಾಂಡ್‌ಗಳನ್ನು ಕಲಿಯಬೇಕು ಎಂಬುದು. ದಿನನಿತ್ಯದ ಕೆಲಸಕ್ಕೆ ಬೇಕಾಗುವುದು ಇಪ್ಪತ್ತೈದೋ ಮೂವತ್ತೋ ಇರಬಹುದು. ಲೈನ್, ಸರ್ಕಲ್, ಟ್ರಿಮ್, ಆಫ್‌ಸೆಟ್, ಫಿಲೆಟ್, ಮಿರರ್ ಇವೆಲ್ಲ ಒಂದೆರಡು ವಾರಗಳಲ್ಲಿ ಕೈಗೆ ಹತ್ತುತ್ತವೆ. ಬೇಗ ಹತ್ತದಿರುವುದು ಬೇರೆಯೇ ಒಂದಿದೆ: ಪರದೆಯ ಮೇಲೆ ಸರಿಯಾಗಿ ಕಾಣುವ ಚಿತ್ರ ನಿಜವಾಗಿಯೂ ಸರಿಯಾಗಿದೆಯೇ ಎಂದು ಅನುಮಾನಿಸುವ ಅಭ್ಯಾಸ.

ಇದು ಮೊದಲು ಎದುರಾಗುವುದು ಸಾಮಾನ್ಯವಾಗಿ ಹ್ಯಾಚ್ ಹಾಕುವಾಗ. ವಿದ್ಯಾರ್ಥಿಯೊಬ್ಬರು ಬ್ರಾಕೆಟ್ ಒಂದರ ಅಡ್ಡಕೊಯ್ತದ ನೋಟವನ್ನು ಚೊಕ್ಕವಾಗಿ ಬಿಡಿಸಿ, ಒಳಗೆ ಓರೆಗೆರೆ ತುಂಬಲು ಹೋದಾಗ, ಮುಚ್ಚಿದ ಗಡಿ ಸಿಗುತ್ತಿಲ್ಲವೆಂದು ತಂತ್ರಾಂಶ ತಕರಾರು ತೆಗೆಯುತ್ತದೆ. ಎಲ್ಲ ಮೂಲೆಗಳೂ ಕೂಡಿಕೊಂಡೇ ಇವೆ ಎಂದು ಅವರು ವಾದಿಸುತ್ತಾರೆ. ಒಂದೊಂದೇ ಮೂಲೆಯನ್ನು ಝೂಮ್ ಮಾಡುತ್ತಾ ಹೋದರೆ, ಕೊನೆಗೊಂದು ಕಡೆ ಎರಡು ಗೆರೆಗಳ ನಡುವೆ 0.02 ಮಿ.ಮೀ. ಬಿರುಕು ಕಾಣಿಸುತ್ತದೆ. ಕಾಗದದ ಮೇಲೆ ಅಷ್ಟು ಸಣ್ಣ ಬಿರುಕು ಪೆನ್ಸಿಲ್ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತಿತ್ತು. ಇಲ್ಲಿ ತಪ್ಪಾದದ್ದು ಇಷ್ಟೇ: ಗೆರೆಯ ತುದಿಯನ್ನು ಕರಾರುವಾಕ್ಕಾಗಿ ಹಿಡಿದುಕೊಡುವ ಆಬ್ಜೆಕ್ಟ್ ಸ್ನ್ಯಾಪ್ ಆಫ್ ಆಗಿತ್ತು, ಮೂಲೆಯನ್ನು ಕಣ್ಣಳತೆಯಲ್ಲಿ ಕ್ಲಿಕ್ ಮಾಡಲಾಗಿತ್ತು. ಅದನ್ನು ಆನ್ ಮಾಡಲು ಆಟೋಕ್ಯಾಡ್ ತಂತ್ರಾಂಶದಲ್ಲಿ ಎಫ್3 ಕೀ ಒಂದನ್ನು ಒತ್ತಿದ್ದರೆ ಸಾಕಿತ್ತು. ಇಂಥ ಬಿರುಕುಗಳನ್ನು ಕಡೆಗಣಿಸಿ ಹ್ಯಾಚ್ ತುಂಬುವ ಗ್ಯಾಪ್ ಟಾಲರೆನ್ಸ್ ಎಂಬ ಸವಲತ್ತೂ ಉಂಟು. ನಾನದನ್ನು ಹೊಸಬರಿಗೆ ಬೇಕೆಂದೇ ಹೇಳಿಕೊಡುವುದಿಲ್ಲ.

ಈ ವಿಷಯದಲ್ಲಿ ನಾನು ಇಷ್ಟು ಬಿಗಿಯಾಗಿರುವುದಕ್ಕೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಮಾಡಿದ ಒಂದು ಎಡವಟ್ಟು ಕಾರಣ. ಉಕ್ಕಿನ ಪ್ಲೇಟ್ ಒಂದರಲ್ಲಿ ಎರಡು ರಂಧ್ರಗಳ ಕೇಂದ್ರಗಳ ನಡುವೆ 120 ಮಿ.ಮೀ. ಅಂತರವಿತ್ತು; ಅದನ್ನು 125 ಮಾಡಬೇಕೆಂದು ಸಂಜೆ ಹೊರಡುವ ಹೊತ್ತಿಗೆ ಸೂಚನೆ ಬಂತು. ರಂಧ್ರವನ್ನು ಸರಿಸಿದರೆ ಅದಕ್ಕೆ ಹೊಂದಿಕೊಂಡ ಇನ್ನೂ ನಾಲ್ಕಾರು ಗೆರೆಗಳನ್ನು ತಿದ್ದಬೇಕಾಗುತ್ತದೆಂದು ಸೋಮಾರಿತನ ಮಾಡಿ, ಡೈಮೆನ್ಷನ್‌ನ ಅಂಕಿಯ ಮೇಲಷ್ಟೇ 125 ಎಂದು ಟೈಪ್ ಮಾಡಿದೆ. ಪ್ರಿಂಟ್ ತೆಗೆದು ನೋಡಿದಾಗ ಯಾರಿಗೂ ಏನೂ ಅನಿಸಲಿಲ್ಲ. ಆದರೆ ಕತ್ತರಿಸುವ ಲೇಸರ್ ಯಂತ್ರಕ್ಕೆ ಹೋದದ್ದು ಪ್ರಿಂಟ್ ಅಲ್ಲ, ನಕ್ಷೆಯ ಗೆರೆಗಳನ್ನು ಯಂತ್ರಕ್ಕೆ ಒಯ್ಯುವ ಡಿಎಕ್ಸ್‌ಎಫ್ ಕಡತ. ಯಂತ್ರ ಅಂಕಿಯನ್ನು ಓದುವುದಿಲ್ಲ, ಗೆರೆಯನ್ನು ಹಿಂಬಾಲಿಸುತ್ತದೆ. ಮರುದಿನ ಬೋಲ್ಟ್ ಕೂರಿಸಲು ಹೋದಾಗ ಅಷ್ಟೂ ಪ್ಲೇಟ್‌ಗಳಲ್ಲಿ ಐದೈದು ಮಿಲಿಮೀಟರ್ ಕಡಿಮೆ ಇತ್ತು.

ಆದ್ದರಿಂದಲೇ ನನ್ನ ತರಗತಿ ಮೊದಲ ಎರಡು ವಾರ ಕಂಪ್ಯೂಟರ್ ಮುಟ್ಟುವುದಿಲ್ಲ. 2ಎಚ್ ಪೆನ್ಸಿಲ್‌ನಲ್ಲಿ ತೆಳುವಾದ ರಚನಾ ರೇಖೆ, ಎಚ್‌ಬಿಯಲ್ಲಿ ಹೊರಗೆರೆ. ದಪ್ಪ ಗೆರೆ ತೆಳು ಗೆರೆಯ ಎರಡರಷ್ಟಿರಬೇಕು. ಇದು ಹಳೆಯ ಕಾಲದ ಶಿಕ್ಷೆಯೆಂದು ಗೊಣಗುವವರಿಗೆ ನಾನು ಪೆನ್ನಿನ ದಪ್ಪಗಳ ಲೆಕ್ಕವನ್ನು ತೋರಿಸುತ್ತೇನೆ. 0.25, 0.35, 0.5, 0.7 ಮಿ.ಮೀ. ಎಂಬ ಸಾಲಿನಲ್ಲಿ ಪ್ರತಿಯೊಂದೂ ಹಿಂದಿನದರ ಸುಮಾರು 1.4 ಪಟ್ಟು, ಅಂದರೆ ಎರಡರ ವರ್ಗಮೂಲದಷ್ಟು. ಎ3 ಹಾಳೆಯ ಅಳತೆ 297×420, ಎ2 ಹಾಳೆಯದು 420×594. ಉದ್ದ ಅಗಲಗಳೆರಡೂ ಹಿಗ್ಗಿರುವುದು ಅದೇ ಪ್ರಮಾಣದಲ್ಲಿ. ಹೀಗಾಗಿ ಎ3 ನಕ್ಷೆಯನ್ನು ಎ2ಕ್ಕೆ ಹಿಗ್ಗಿಸಿದರೆ 0.35ರ ಗೆರೆ ಸರಿಯಾಗಿ 0.5ರ ಗೆರೆಯಾಗಿ ಬಿಡುತ್ತದೆ, 2.5 ಮಿ.ಮೀ. ಎತ್ತರದ ಅಕ್ಷರ 3.5 ಆಗುತ್ತದೆ, ತಿದ್ದುಪಡಿಯನ್ನು ಮತ್ತೆ ಪ್ರಮಾಣಿತ ಪೆನ್ನಿನಲ್ಲೇ ಹಾಕಬಹುದು. ಇಷ್ಟು ಅಂದವಾದ ಏರ್ಪಾಟು ಕ್ಯಾಡ್‌ನಲ್ಲಿ ಗೆರೆಗಳನ್ನು ಗುಂಪುಗೂಡಿಸುವ ಲೇಯರ್ ಪಟ್ಟಿಯ ಮೂಲೆಯಲ್ಲಿ ಲೈನ್‌ವೇಟ್ ಎಂಬ ಹೆಸರಿನಲ್ಲಿ ಅಡಗಿರುವುದರಿಂದ, ನೇರವಾಗಿ ಕ್ಯಾಡ್‌ಗೆ ಇಳಿದವರು ಎಲ್ಲ ಗೆರೆಗಳನ್ನೂ ಡೀಫಾಲ್ಟ್‌ನಲ್ಲೇ ಬಿಟ್ಟುಬಿಡುತ್ತಾರೆ.

ವಸ್ತುವನ್ನು ಬೇರೆ ಬೇರೆ ಕಡೆಯಿಂದ ಕಂಡಂತೆ ಬಿಡಿಸುವ ಪ್ರೊಜೆಕ್ಷನ್ ಪಾಠಕ್ಕೂ ಕಾಗದವೇ ಮೇಲು. ಮುಂಭಾಗದ ನೋಟ ಒಂದು ಚೌಕ, ಮೇಲಿನ ನೋಟವೂ ಒಂದು ಚೌಕ. ವಸ್ತು ಯಾವುದು ಎಂದು ಕೇಳುತ್ತೇನೆ. ಇಡೀ ತರಗತಿ ಘನ ಎನ್ನುತ್ತದೆ. ಪಕ್ಕದಿಂದ ನೋಡಿದಾಗ ತ್ರಿಕೋನವಾಗಿ ಕಾಣುವ ಬೆಣೆಗೂ ಅವೇ ಎರಡು ಚೌಕಗಳು ಬರುತ್ತವೆ, ಉದ್ದುದ್ದ ಸೀಳಿದ ಸಿಲಿಂಡರಿನ ಕಾಲುಭಾಗಕ್ಕೂ ಅವೇ. ಈ ನೋಟಗಳನ್ನು ಹಾಳೆಯಲ್ಲಿ ಜೋಡಿಸುವ ಪದ್ಧತಿಗಳು ಎರಡು: ಫರ್ಸ್ಟ್ ಆ್ಯಂಗಲ್ ಪದ್ಧತಿಯಲ್ಲಿ ಮೇಲಿನ ನೋಟ ಮುಂಭಾಗದ ನೋಟದ ಕೆಳಗೆ ಬರುತ್ತದೆ, ಥರ್ಡ್ ಆ್ಯಂಗಲ್‌ನಲ್ಲಿ ಮೇಲೆ. ಯಾವುದನ್ನು ಬಳಸಿದೆ ಎಂದು ತಿಳಿಸುವ ಮೊಟಕು ಶಂಕುವಿನ ಪುಟ್ಟ ಚಿಹ್ನೆಯನ್ನು ನಕ್ಷೆಯ ವಿವರಗಳಿರುವ ಟೈಟಲ್ ಬ್ಲಾಕ್‌ನಲ್ಲಿ ಗಮನಿಸದವರು ಎಡಗೈ ಭಾಗವನ್ನು ಬಲಗೈ ಭಾಗವಾಗಿ ತಯಾರಿಸಿಬಿಡುವ ಸಂಭವವಿದೆ.

ಸ್ಕೇಲ್ ಬಗ್ಗೆ ಹೇಳುವುದು ಹೆಚ್ಚಿಲ್ಲ: ವಸ್ತುವನ್ನು ಯಾವಾಗಲೂ ನಿಜವಾದ ಅಳತೆಯಲ್ಲೇ ಬಿಡಿಸಿ, ಹಾಳೆಗೆ ಕೂರಿಸುವಾಗ ಮಾತ್ರ ಕುಗ್ಗಿಸಬೇಕು.

ಮುಂದೆ, ಅಳತೆ ಮತ್ತು ನಿರ್ಬಂಧಗಳಿಂದಲೇ ಆಕಾರವನ್ನು ನಿರ್ಧರಿಸುವ ಪ್ಯಾರಾಮೆಟ್ರಿಕ್ ಮಾಡೆಲಿಂಗ್‌ಗೆ ಹೋದಾಗ ಹಳೆಯ ಅನುಮಾನವೇ ಮತ್ತೆ ಉಪಯೋಗಕ್ಕೆ ಬರುತ್ತದೆ. ಸ್ಕೆಚ್‌ನಲ್ಲಿ ಅಡ್ಡಗೆರೆ ಸಮತಲವಾಗಿ ಕಂಡರೂ ಅದು ಸಮತಲವಾಗಿಯೇ ಇರಬೇಕೆಂಬ ನಿರ್ಬಂಧ ಹಾಕದಿದ್ದರೆ ಮೌಸ್‌ನಿಂದ ಎಳೆದೊಡನೆ ವಾಲುತ್ತದೆ. ಇದು ಇತ್ತೀಚಿನ ಆವಿಷ್ಕಾರವೇನೂ ಅಲ್ಲ. ಇವಾನ್ ಸದರ್ಲೆಂಡ್ 1963ರಲ್ಲಿ ಎಂಐಟಿಯಲ್ಲಿ ತಮ್ಮ ಪ್ರಬಂಧಕ್ಕಾಗಿ ರಚಿಸಿದ ಸ್ಕೆಚ್‌ಪ್ಯಾಡ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲೇ ಗೆರೆಗಳಿಗೆ ಇಂಥ ನಿರ್ಬಂಧ ಹಾಕಬಹುದಿತ್ತು. ಸ್ಕೆಚ್ ಮುಗಿಯಿತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಅದರ ಮೂಲೆಯೊಂದನ್ನು ಹಿಡಿದು ಎಳೆಯುತ್ತೇನೆ.

ಕೊನೆಯ ಪರೀಕ್ಷೆಯಲ್ಲಿ ಒಬ್ಬರ ನಕ್ಷೆಯನ್ನು ಇನ್ನೊಬ್ಬರಿಗೆ ಕೊಟ್ಟು, ಅದನ್ನು ನೋಡಿ ರಟ್ಟಿನಲ್ಲಿ ವಸ್ತುವನ್ನು ಕತ್ತರಿಸಿ ಅಂಟಿಸಲು ಹೇಳುತ್ತೇನೆ. ಬಿಡಿಸಿದವರು ಬಾಯಿ ತೆರೆಯುವಂತಿಲ್ಲ. ತಯಾರಿಸುವವರಿಗೆ ಬಂದ ಪ್ರತಿಯೊಂದು ಸಂದೇಹವನ್ನೂ ಹಾಳೆಯ ಅಂಚಿನಲ್ಲಿ ಬರೆಯಬೇಕು. ಕಳೆದ ತಂಡದ ಮೊದಲ ಹಾಳೆಯ ಅಂಚಿನಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ಅವುಗಳಲ್ಲಿ ನಾಲ್ಕು ಒಂದೇ ಧಾಟಿಯವು: ಈ ರಂಧ್ರ ಆಚೆ ಬದಿಯವರೆಗೂ ಹೋಗುತ್ತದೆಯೋ, ನಡುವೆಯೇ ನಿಲ್ಲುತ್ತದೆಯೋ?